ಉಭಯ ಕುಶಲೋಪರಿ

ವಾಡಿ ಜಂಕ್ಷನ್ನಿನಲ್ಲಿ ಎರಡು ರೈಲುದಾರಿಗಳು ಕೂಡುತ್ತವೆ. ಒಂದು ಮುಂಬಯಿಯಿಂದ ಹೊರಟು ಸೊಲ್ಲಾಪುರ, ಕಲಬುರಗಿ, ಶಹಾಬಾದುಗಳ ಮೇಲೆ ಬಂದು ರಾಯಚೂರಿನ ಕಡೆಗೆ ಸಾಗಿ ಮದರಾಸನ್ನು ಸೇರುವ ಹಳೆಯ ದಾರಿ. ಇನ್ನೊಂದು ಇಲ್ಲಿಂದಲೇ ಕವಲೊಡೆದು ಚಿತ್ತಾಪುರ, ಸೇಡಂಗಳನ್ನು ಹಾದು ಸಿಕಂದರಾಬಾದನ್ನು ಮುಟ್ಟುವ ದಾರಿ. ಈ ಕವಲು ತೆರೆದದ್ದು 1874ರಲ್ಲಿ. ಹೈದರಾಬಾದು ಸಂಸ್ಥಾನದ ರಾಜಧಾನಿಗೂ ಹೊರಗಿನ ಜಗತ್ತಿಗೂ ನಡುವೆ ಇದ್ದ ಬಾಗಿಲೆಂದರೆ ವಾಡಿಯೇ ಎನ್ನಬೇಕು. ಜನ ಹೋದಂತೆ, ಬೇಳೆಯ ಮೂಟೆ ಹೋದಂತೆ, ಶಹಾಬಾದಿನ ಪರಸಿಕಲ್ಲು ಹೋದಂತೆ, ಕಾಗದಗಳ ಚೀಲಗಳೂ ಈ ಬಾಗಿಲಿನಿಂದಲೇ ಹೋಗುತ್ತಿದ್ದವು, ಬರುತ್ತಿದ್ದವು.

ಶಹಾಬಾದು, ವಾಡಿ, ಚಿತ್ತಾಪುರ, ಸೇಡಂ, ಇವು ನಾಲ್ಕೂ ಹಳಿಯ ಮೇಲಿನ ಊರುಗಳು. ಚಿಂಚೋಳಿಗೆ ಮಾತ್ರ ಆ ಭಾಗ್ಯವಿಲ್ಲ. ಅದು ಮುಲ್ಲಾಮಾರಿ ನದಿಯ ಸೀಮೆಯಲ್ಲಿ, ಗುಡ್ಡ ಕಾಡುಗಳ ಮಗ್ಗುಲಲ್ಲಿ ಒಂದು ಕಡೆಗೆ ಸರಿದು ಕುಳಿತ ಊರು. ಅಲ್ಲಿಗೆ ಹೋಗುವ ಟಪಾಲು ರೈಲನ್ನು ಬಿಟ್ಟು ಇಳಿದು, ರಸ್ತೆ ಹಿಡಿದು ಹೋಗಬೇಕು. ಮಳೆಗಾಲದಲ್ಲಿ ಕಪ್ಪುಮಣ್ಣಿನ ದಾರಿ ಕಾಲು ಬಿಡದು. ಹಳ್ಳ ತುಂಬಿ ಹರಿದರೆ ಕಾಗದವೂ ಹಳ್ಳದಾಚೆಯೇ ಕಾಯಬೇಕು. ಆದುದರಿಂದ ಚಿಂಚೋಳಿಯ ಹಳ್ಳಿಗಳಲ್ಲಿ ಒಂದು ಕಾಗದವೆಂದರೆ ಅದು ಬರೆದ ದಿನದ ಸುದ್ದಿಯಲ್ಲ, ಹಿಂದೆಂದೋ ನಡೆದುದರ ಸುದ್ದಿ. ‘ನಾವೆಲ್ಲರೂ ಕ್ಷೇಮ’ ಎಂಬ ಮಾತನ್ನು ಓದುವಾಗ, ಬರೆದವನು ಆ ಹೊತ್ತಿಗೂ ಕ್ಷೇಮವಾಗಿಯೇ ಇದ್ದಾನೆಯೇ ಎಂಬ ಸಂಶಯವನ್ನು ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡೇ ಓದಬೇಕಾಗಿತ್ತು.

ಕಾಗದ ಬರೆಯುವುದಕ್ಕೆ ಆಗ ಒಂದು ಕಟ್ಟಳೆಯಿತ್ತು. ಮೇಲೆ ‘ಶ್ರೀ’ಕಾರ, ಅದರ ಕೆಳಗೆ ಹಿರಿಯರಿಗೆ ಸಾಷ್ಟಾಂಗ ನಮಸ್ಕಾರ, ಕಿರಿಯರಿಗೆ ಆಶೀರ್ವಾದ, ಅನಂತರ ‘ಉಭಯ ಕುಶಲೋಪರಿ’ ಎಂಬ ಒಂದು ಪದಪುಂಜ. ಇತ್ತ ನಾವು ಕ್ಷೇಮ, ಅತ್ತ ನೀವೂ ಕ್ಷೇಮವೆಂದು ನಂಬಿದ್ದೇವೆ, ಇನ್ನು ಮುಂದಿನ ವಿಷಯ ಎಂಬುದಷ್ಟೂ ಆ ಪುಟ್ಟ ಮಾತಿನಲ್ಲಿ ಅಡಗಿತ್ತು. ಉರ್ದುವಿನಲ್ಲಿ ಬರೆಯುವವರಿಗೂ ಇಂಥದೇ ಕಟ್ಟಳೆ. ‘ಇಲ್ಲಿ ಖೈರಿಯತ್ತಾಗಿದ್ದೇವೆ, ನಿಮ್ಮ ಖೈರಿಯತ್ತನ್ನು ಬಯಸುತ್ತೇವೆ’ ಎಂದೇ ಅವರೂ ಆರಂಭಿಸುತ್ತಿದ್ದರು. ಲಿಪಿ ಬೇರೆ, ಬರೆಯುವ ದಿಕ್ಕು ಬೇರೆ. ಹೇಳುವ ಮಾತು ಒಂದೇ. ಶುಭಸಮಾಚಾರವಾದರೆ ಕಾಗದದ ಮೂಲೆಗಳಿಗೆ ಅರಿಸಿನ ಕುಂಕುಮ ಹಚ್ಚುವುದೂ, ಸಾವಿನ ಸುದ್ದಿಯಾದರೆ ಓದಿ ಹರಿದುಹಾಕುವುದೂ ರೂಢಿಯಾಗಿತ್ತು. ಅಶುಭದ ಕಾಗದ ಮನೆಯಲ್ಲಿ ಉಳಿಯಬಾರದು.

ಕಾಗದ ಗುಟ್ಟಿನದು ಎಂಬ ಭಾವನೆ ಈಗಿನದು. ಆ ಕಾಲದಲ್ಲಿ ಹೈದರಾಬಾದು ಸಂಸ್ಥಾನದಲ್ಲಿ ನೂರಕ್ಕೆ ಹತ್ತು ಮಂದಿಗೂ ಅಕ್ಷರ ಬರುತ್ತಿರಲಿಲ್ಲ. ಹಳ್ಳಿಯ ಹೆಂಗಸರಲ್ಲಂತೂ ಅದು ತೀರ ವಿರಳ. ಆದುದರಿಂದ ಬರೆಯುವವನೊಬ್ಬ, ಬರೆಸುವವನೊಬ್ಬ. ಓದುವವನೊಬ್ಬ, ಕೇಳುವವರು ಹತ್ತು ಮಂದಿ. ಶಾಲೆಯ ಮಾಸ್ತರನೋ, ಊರ ಕುಲಕರ್ಣಿಯೋ, ಒಮ್ಮೊಮ್ಮೆ ಅಂಚೆಯವನೇ ಕಟ್ಟೆಯ ಮೇಲೆ ಕುಳಿತು ಓದಿ ಹೇಳಬೇಕು. ಗಂಡ ಹೆಂಡತಿಗೆ ಬರೆಸಿದ ಮಾತು ಮಾವನ ಎದುರಿನಲ್ಲಿಯೇ ಓದಲ್ಪಡುತ್ತಿತ್ತು. ಆದ್ದರಿಂದ ಹೆಂಡತಿಯ ಹೆಸರನ್ನೇ ಎತ್ತದೆ, ‘ಮನೆಯಲ್ಲಿ ಎಲ್ಲರ ಆರೋಗ್ಯವನ್ನು ನೋಡಿಕೊಳ್ಳುವುದು’ ಎಂದಷ್ಟೇ ಬರೆಸುತ್ತಿದ್ದರು. ಆ ‘ಎಲ್ಲರ’ ಎಂಬುದರಲ್ಲಿ ತಾನು ಎಷ್ಟು ಪಾಲು ಎಂಬುದನ್ನು ಆಕೆ ಬಾಗಿಲ ಹಿಂದೆ ನಿಂತು ತಿಳಿದುಕೊಳ್ಳಬೇಕಾಗಿತ್ತು.

ಈ ಸೀಮೆಯ ಸರಕಾರಿ ಭಾಷೆ ಉರ್ದು. ಕಚೇರಿಯ ಬರವಣಿಗೆ ಉರ್ದುವಿನಲ್ಲಿ, ಮೇಲಿನ ತರಗತಿಗಳ ಶಿಕ್ಷಣವೂ ಉರ್ದುವಿನಲ್ಲಿ. ಕಲಬುರಗಿಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯದಂತಹ ಖಾಸಗಿ ಶಾಲೆಗಳು ದೇಶಭಾಷೆಯ ದೀಪವನ್ನು ಆರದಂತೆ ಕಾಯುತ್ತಿದ್ದವು, ನಿಜ. ಆದರೆ ಹಳ್ಳಿಯಿಂದ ಮೇಲೆದ್ದು ನಾಲ್ಕಕ್ಷರ ಕಲಿತ ಹುಡುಗನ ಕೈಗೆ ಸುಲಭವಾಗಿ ಬರುತ್ತಿದ್ದುದು ಉರ್ದುವೇ. ಮನೆಯಲ್ಲಿ ಕನ್ನಡ ಮಾತನಾಡುವ ಲಿಂಗಾಯತರ ಹುಡುಗ ತಾಯಿಗೆ ಉರ್ದುವಿನಲ್ಲಿ ಕಾಗದ ಬರೆಯುವುದೂ, ಓಣಿಯಲ್ಲಿ ಕನ್ನಡ ಆಡುತ್ತ ಬೆಳೆದ ಮುಸಲ್ಮಾನರ ಮುದುಕಿ ಮಗನ ಉರ್ದು ಕಾಗದವನ್ನು ಹಿಂದೂ ಮಾಸ್ತರನಿಂದ ಓದಿಸಿಕೊಳ್ಳುವುದೂ ಅಲ್ಲಿ ವಿಚಿತ್ರವಲ್ಲ. ಕಾಗದದ ಲಿಪಿಯನ್ನು ನೋಡಿ ಬರೆದವರ ಜಾತಿಮತಗಳನ್ನು ಹೇಳುವಂತಿರಲಿಲ್ಲ.

1945ರ ಡಿಸೆಂಬರಿನಲ್ಲಿ ನಿಜಾಮ ಸರಕಾರವು ಒಂದು ಅಂಚೆಚೀಟಿಯನ್ನು ಹೊರಡಿಸಿತು. ಎರಡನೆಯ ಮಹಾಯುದ್ಧ ಮುಗಿದ ವಿಜಯದ ನೆನಪಿಗೆಂದು ಬಂದ ಚೀಟಿ ಅದು. ಒಂದು ಆಣೆಯದು, ನೀಲಿಯ ಬಣ್ಣದ್ದು. ಅದರ ಮೇಲಿನ ಚಿತ್ರ ರಾಜನದಲ್ಲ, ಕೋಟೆಯದಲ್ಲ. ಯುದ್ಧದಿಂದ ಮರಳಿದ ಸೈನಿಕನೊಬ್ಬ ತನ್ನ ಕುಟುಂಬವನ್ನು ಕೂಡಿಕೊಂಡ ದೃಶ್ಯ. ಚಿತ್ರ ಸುಮ್ಮನೆ ಬರೆದದ್ದೇನೂ ಅಲ್ಲ. 1941ರ ಡಿಸೆಂಬರಿನಲ್ಲಿ ಜಪಾನೀ ಸೈನ್ಯ ಮಲಯದ ಕೋಟಾ ಭಾರುವಿನಲ್ಲಿ ಇಳಿದಾಗ ಅಲ್ಲಿನ ವಿಮಾನ ನಿಲ್ದಾಣವನ್ನು ಕಾಯುತ್ತಿದ್ದವರಲ್ಲಿ ಹೈದರಾಬಾದಿನ ಪದಾತಿದಳದವರೂ ಇದ್ದರು. ಇನ್ನು ಸೈನಿಕರು ಮನೆ ಸೇರಿದರು, ಇನ್ನು ಕಾಗದಗಳ ಕಾಲ ಮುಗಿಯಿತು ಎಂಬ ಸಮಾಧಾನ ಆ ಚೀಟಿಯಲ್ಲಿತ್ತು. ಮೂರು ವರ್ಷ ಕಳೆಯುವುದರೊಳಗೆ ಸಂಸ್ಥಾನವೇ ಎರಡು ಪಾಳೆಯವಾಗಿತ್ತು.

1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾಯಿತು; ಹೈದರಾಬಾದು ಭಾರತವನ್ನು ಸೇರಲಿಲ್ಲ. ಎಂಬತ್ತೆರಡು ಸಾವಿರ ಚದರ ಮೈಲಿಗಳ, ಒಂದೂವರೆ ಕೋಟಿಗೆ ಮೀರಿದ ಜನಸಂಖ್ಯೆಯ ಆ ಸಂಸ್ಥಾನ ಸ್ವತಂತ್ರವಾಗಿಯೇ ಉಳಿಯಬೇಕೆಂಬುದು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿಖಾನರ ಅಪೇಕ್ಷೆ. ಭಾರತದಲ್ಲಿ ವಿಲೀನವಾಗಬೇಕು, ಜವಾಬ್ದಾರಿ ಸರಕಾರ ಬರಬೇಕು ಎಂಬುದು ಸ್ಟೇಟ್ ಕಾಂಗ್ರೆಸ್ಸಿನ ಬೇಡಿಕೆ. ಅದರ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಸೆರೆಮನೆ ಸೇರಿದರು. ನವೆಂಬರ್ 29ರಂದು ಭಾರತಕ್ಕೂ ನಿಜಾಮರಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಒಪ್ಪಂದ ಕಾಗದದ ಮೇಲೆ ಇತ್ತು, ಊರುಗಳಲ್ಲಿ ಇರಲಿಲ್ಲ. ಕಾಸಿಂ ರಜವಿಯ ನಾಯಕತ್ವದಲ್ಲಿ ರಜಾಕಾರರ ದಂಡುಗಳು ಹಳ್ಳಿಗಳ ಮೇಲೆ ಬೀಳತೊಡಗಿದವು. ಸಾವಿರಾರು ಕುಟುಂಬಗಳು ಮನೆಮಾರು ಬಿಟ್ಟು ಸೊಲ್ಲಾಪುರ, ವಿಜಾಪುರ, ಧಾರವಾಡ, ಬಳ್ಳಾರಿಗಳ ಕಡೆಗೆ ಗಡಿ ದಾಟಿದವು. ಗಡಿಯಾಚೆ ಶಿಬಿರಗಳು ಎದ್ದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದಲ್ಲಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ನೇತೃತ್ವದಲ್ಲಿ ತರುಣರು ಕೂಡಿದರು. ರಾತ್ರಿ ಗಡಿ ದಾಟಿ ಬಂದು ಕರೋಡಗಿರಿ ನಾಕೆಗಳನ್ನೂ ಪೊಲೀಸು ಠಾಣೆಗಳನ್ನೂ ಆಕ್ರಮಿಸಿ, ಬೆಳಗಾಗುವುದರೊಳಗೆ ಮರಳುವುದು ಅವರ ಕೆಲಸ.

ಚರಿತ್ರೆಯ ಪುಸ್ತಕಗಳು ಇದನ್ನು ವಿಮೋಚನಾ ಚಳವಳಿ ಎನ್ನುತ್ತವೆ. ಆ ಹೆಸರು ಸರಿಯಾದುದೇ. ಆದರೆ ಅಂದಿನ ಒಂದು ಹಳ್ಳಿಯೊಳಗೆ ನಿಂತು ನೋಡಿದರೆ ಅದು ಅಂತರ್ಯುದ್ಧವೂ ಹೌದು. ಒಂದೇ ಬಾವಿಯ ನೀರು ಕುಡಿದವರು ಎರಡು ಕಡೆ ನಿಂತಿದ್ದರು. ರಜಾಕಾರ ಎಂಬ ಮಾತಿನ ಅರ್ಥ ಸ್ವಯಂಸೇವಕ ಎಂದು. ಗಡಿಯ ಶಿಬಿರದ ತರುಣನೂ ತನ್ನನ್ನು ಸ್ವಯಂಸೇವಕನೆಂದೇ ಕರೆದುಕೊಳ್ಳುತ್ತಿದ್ದ. ಇನ್ನು ಮತದಿಂದಲೇ ಪಕ್ಷವನ್ನು ಅಳೆದರೆ ಅದೂ ತಪ್ಪಾಗುತ್ತದೆ. ರಜಾಕಾರರ ಹಾವಳಿಯನ್ನು ತನ್ನ ‘ಇಮ್ರೋಜ್’ ಪತ್ರಿಕೆಯಲ್ಲಿ ನಿರ್ಭಯವಾಗಿ ಖಂಡಿಸಿದ ಶೋಯೆಬುಲ್ಲಾ ಖಾನನನ್ನು 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿಯೇ ಕೊಲ್ಲಲಾಯಿತು.

ಇಂತಹ ಕಾಲದಲ್ಲಿ ಮನೆ ಬಿಟ್ಟು ಹೋದವನು ಮನೆಗೆ ಕಾಗದ ಬರೆಯುವುದು ಹೇಗೆ?

ಮೊದಲನೆಯ ತೊಡಕು ಅಂಚೆಚೀಟಿಯದೇ. ನಿಜಾಮರ ಅಂಚೆ ಬೇರೆ, ಭಾರತದ ಅಂಚೆ ಬೇರೆ. ಸೇಡಂನಿಂದ ಚಿತ್ತಾಪುರಕ್ಕೆ ಹೋಗುವ ಕಾಗದಕ್ಕೆ ನಿಜಾಮರ ಚೀಟಿ ಸಾಕು. ಸೊಲ್ಲಾಪುರಕ್ಕೆ ಹೋಗುವ ಕಾಗದಕ್ಕೆ ಆ ಚೀಟಿ ನಡೆಯದು, ಭಾರತದ ಚೀಟಿ ಬೇಕು. ನಾಣ್ಯವೂ ಹಾಗೆಯೇ. ಸಂಸ್ಥಾನದ ಹಾಲಿ ಸಿಕ್ಕಾ ಬೇರೆ, ಹೊರಗಿನ ಕಲದಾರು ಬೇರೆ. ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಕಲದಾರು. ತಾಯಿಗೆ ಹತ್ತು ರೂಪಾಯಿ ಕಳುಹಬೇಕೆಂದಿದ್ದರೂ ಲೆಕ್ಕ ಹಾಕಬೇಕು. ಆದರೆ ಇವೆಲ್ಲ ಸಣ್ಣ ತೊಡಕುಗಳು. ದೊಡ್ಡ ತೊಡಕು ವಿಳಾಸ. ಗಡಿಯ ಶಿಬಿರದ ಊರಿನ ಮುದ್ರೆ ಬಿದ್ದ ಒಂದು ಕಾರ್ಡು ಮನೆಗೆ ಬಂದಿತೆಂದರೆ ಆ ಮನೆಯ ಮಗ ಎಲ್ಲಿದ್ದಾನೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕ್ಷೇಮ ತಿಳಿಸಲು ಬರೆದ ಕಾಗದವೇ ಮನೆಯವರ ಕ್ಷೇಮವನ್ನು ಕೆಡಿಸಬಹುದಾಗಿತ್ತು.

ಚಿಂಚೋಳಿಯ ಸೀಮೆಯ ಒಂದು ಹಳ್ಳಿಯನ್ನೂ, ಅಲ್ಲಿ ಗೋಡೆಗೆ ಗೋಡೆ ತಾಗಿದ ಎರಡು ಮನೆಗಳನ್ನೂ ಕಲ್ಪಿಸಿಕೊಳ್ಳೋಣ. ಪರಸಿಕಲ್ಲಿನ ಮಾಳಿಗೆ, ಅಂಗಳದಲ್ಲಿ ತೊಗರಿಕಟ್ಟಿಗೆಯ ಒಟ್ಟಿಲು. ಒಂದು ಮನೆಯ ಮಗ ಗಡಿಯಾಚೆಯ ಶಿಬಿರದಲ್ಲಿದ್ದಾನೆ. ಇನ್ನೊಂದು ಮನೆಯ ಮಗ ನಿಜಾಮರ ಸೈನ್ಯದಲ್ಲಿ ಸಿಪಾಯಿ. ದಂಡು ಸೇರಿದ್ದು ಹೊಟ್ಟೆಯ ಪಾಡಿಗೆ, ಈ ಗಲಾಟೆಗಿಂತ ಎಷ್ಟೋ ಮೊದಲು. ಇಬ್ಬರ ತಾಯಂದಿರಿಗೂ ಅಕ್ಷರ ಬಾರದು. ಊರಿಗೆ ಒಬ್ಬನೇ ಮಾಸ್ತರ. ಕನ್ನಡವನ್ನೂ ಉರ್ದುವನ್ನೂ ಬಲ್ಲವನು. ಇಬ್ಬರಿಗೂ ಅವನೇ ಓದಬೇಕು, ಇಬ್ಬರ ಪರವಾಗಿಯೂ ಅವನೇ ಬರೆಯಬೇಕು.

ಸಿಪಾಯಿಯ ಕಾಗದ ನಿಜಾಮರ ಅಂಚೆಯಲ್ಲಿ ನೇರವಾಗಿ ಬರುತ್ತದೆ. ಅದರಲ್ಲಿ ಹೆದರಿಕೆಯ ಮಾತಿಲ್ಲ. ದಂಡಿನಲ್ಲಿ ಇದ್ದವನು ದಂಡಿನ ವಿಷಯ ಬರೆಯಬಾರದು. ಸಂಬಳದ ಮಾತು, ತಂಗಿಯ ಮದುವೆಯ ಮಾತು, ಎತ್ತು ಮಾರಬೇಡಿರೆಂಬ ಮಾತು. ಶಿಬಿರದವನ ಕಾಗದ ಕೈಯಿಂದ ಕೈಗೆ ಬರುತ್ತದೆ; ಬೇಳೆಯ ವ್ಯಾಪಾರಿಯೊಬ್ಬ ರುಮಾಲಿನ ಸುತ್ತಿನಲ್ಲಿಟ್ಟು ತರುತ್ತಾನೆ. ‘ಸೊಲ್ಲಾಪುರದ ಗಿರಣಿಯಲ್ಲಿ ಕೆಲಸ ಸಿಕ್ಕಿದೆ. ರಾತ್ರಿ ಪಾಳಿ ಹೆಚ್ಚು. ನಮ್ಮ ಸಂಗಡಿಗರಲ್ಲಿ ಒಬ್ಬನಿಗೆ ಯಂತ್ರದಲ್ಲಿ ಕೈ ಸಿಕ್ಕಿತು. ನಾನು ಕ್ಷೇಮ.’ ಗಿರಣಿ ಯಾವುದು, ಪಾಳಿ ಯಾವುದು, ಯಂತ್ರ ಯಾವುದು ಎಂಬುದು ಮಾಸ್ತರನಿಗೆ ತಿಳಿಯುತ್ತದೆ. ಅವನು ಸಂಗಡಿಗನ ಸಾಲನ್ನು ಬಿಟ್ಟು ಓದುತ್ತಾನೆ.

“ಮಾಸ್ತರ್ರೇ, ಇಷ್ಟೇ ಏನ್ರೀ ಬರದಾನ?” ಎಂದು ತಾಯಿ ಕೇಳುತ್ತಾಳೆ.

“ಇಷ್ಟೇ ಅದ ಯವ್ವಾ.”

ಆಕೆ ಕಾಗದವನ್ನು ಇಸಿದುಕೊಂಡು ಸಾಲುಗಳನ್ನು ನೋಡುತ್ತಾಳೆ. ಓದಲು ಬಾರದವರಿಗೂ ಒಂದು ಲೆಕ್ಕವಿರುತ್ತದೆ. ಹೇಳಿದ ಮಾತಿಗಿಂತ ಬರೆದ ಸಾಲು ಹೆಚ್ಚಾಗಿದ್ದರೆ ಅದು ಕಣ್ಣಿಗೆ ಕಾಣುತ್ತದೆ. ಆದರೂ ಆಕೆ ಮತ್ತೆ ಕೇಳುವುದಿಲ್ಲ. ಪಕ್ಕದ ಮನೆಯ ತಾಯಿ ತನ್ನ ಕಾಗದವನ್ನು ಸೆರಗಿನ ಗಂಟಿನಿಂದ ಬಿಚ್ಚುತ್ತಾಳೆ. ಇವಳು ಎದ್ದು ಅವಳಿಗೆ ಕಂಬಳಿಯ ಮೇಲೆ ಜಾಗ ಬಿಡುತ್ತಾಳೆ. ಇಬ್ಬರು ಮಕ್ಕಳೂ ಒಬ್ಬರಿಗೊಬ್ಬರು ಎದುರಾಗಿ ಬಂದೂಕು ಹಿಡಿಯಬಹುದೆಂಬುದು ಅಲ್ಲಿರುವ ಮೂವರಿಗೂ ಗೊತ್ತು. ಆ ಮಾತನ್ನು ಯಾರೂ ಆಡುವುದಿಲ್ಲ.

ಇದು ಕಲ್ಪನೆಯ ಚಿತ್ರ. ಆದರೆ ಕಾಗದದಲ್ಲಿ ಒಂದನ್ನು ಬರೆದು ಇನ್ನೊಂದನ್ನು ತಿಳಿಸುವ ಜಾಣ್ಮೆ ಕಲ್ಪನೆಯಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗಕ್ಕೆ ಹೋದ ಭಾರತೀಯ ಸಿಪಾಯಿಗಳ ಕಾಗದಗಳನ್ನು ಬ್ರಿಟಿಷ್ ಅಧಿಕಾರಿಗಳು ಒಡೆದು ಓದುತ್ತಿದ್ದರು. ಸಿಪಾಯಿಗಳಿಗೆ ಅದು ತಿಳಿದಿತ್ತು. ಅವರು ಭಾರತೀಯರನ್ನು ಕರಿಮೆಣಸೆಂದೂ ಬಿಳಿಯರನ್ನು ಕೆಂಪುಮೆಣಸೆಂದೂ ಕರೆದು, ಕರಿಮೆಣಸು ಮುಗಿಯುತ್ತ ಬಂದಿದೆ ಎಂಬ ಅರ್ಥದಲ್ಲಿ ಮನೆಗೆ ಬರೆದರು. ಊರಿನಲ್ಲಿ ದಂಡಿಗೆ ಸೇರಲು ಹೊರಟಿದ್ದ ತಮ್ಮಂದಿರಿಗೆ ಅಷ್ಟು ಸಾಕಾಗಿತ್ತು. ಅಧಿಕಾರಿಗಳಿಗೂ ಅರ್ಥವಾಯಿತೆನ್ನಿ, ಆದ್ದರಿಂದಲೇ ಆ ಕಾಗದಗಳ ನಕಲು ಇಂದಿಗೂ ಲಂಡನ್ನಿನಲ್ಲಿ ಉಳಿದಿದೆ. ಗುಟ್ಟು ಒಡೆಯದಿದ್ದ ಕಾಗದಗಳು ಒಂದೂ ಉಳಿಯಲಿಲ್ಲ.

ಅಂತರ್ಯುದ್ಧದ ಕಾಗದಗಳಿಗೆ ಜಗತ್ತಿನಲ್ಲಿ ದೊಡ್ಡ ನಿದರ್ಶನವೆಂದರೆ ಅಮೆರಿಕದ್ದು. 1861ರಿಂದ 1865ರವರೆಗೆ ಅಲ್ಲಿ ಉತ್ತರ ದಕ್ಷಿಣ ರಾಜ್ಯಗಳು ಕಾದಾಡಿದವು. ಯುದ್ಧ ಆರಂಭವಾದ ಕೆಲವೇ ವಾರಗಳಲ್ಲಿ ಎರಡು ಕಡೆಗಳ ನಡುವಿನ ಅಂಚೆ ನಿಂತುಹೋಯಿತು. ಗೆರೆಯ ಆಚೆ ಮಗಳನ್ನು ಕೊಟ್ಟವರು, ಆಚೆ ಸೆರೆಸಿಕ್ಕ ಮಗನಿದ್ದವರು ಏನು ಮಾಡಬೇಕು? ಬಿಳಿಯ ಬಾವುಟ ಹಿಡಿದ ಹಡಗುಗಳಲ್ಲಿ ಕೆಲವು ಕಾಗದಗಳನ್ನು ಬದಲಾಯಿಸಿಕೊಳ್ಳುವ ಏರ್ಪಾಡಾಯಿತು. ಒಂದೇ ಪುಟ ಇರಬೇಕು. ಮನೆಯ ವಿಷಯವಲ್ಲದೆ ಬೇರೇನೂ ಇರಕೂಡದು. ಲಕೋಟೆಯನ್ನು ಅಂಟಿಸದೆ ಕೊಡಬೇಕು. ಎರಡು ಸರಕಾರಗಳ ಅಂಚೆವೆಚ್ಚವನ್ನೂ ತೆರಬೇಕು. ದಕ್ಷಿಣದಲ್ಲಿ ಕಾಗದವೇ ಸಿಕ್ಕದಾದಾಗ ಗೋಡೆಗೆ ಅಂಟಿಸುವ ಬಣ್ಣದ ಕಾಗದವನ್ನು ಮಡಿಸಿ ಲಕೋಟೆ ಮಾಡಿಕೊಂಡರು. ಉತ್ತರದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಚಳಿಗಾಲದಲ್ಲಿ ಅಂಚೆಮನೆಯ ಮುಂದೆ ಹೆಂಗಸರು ಸಾಲುಗಟ್ಟಿ ನಿಂತು ನಡುಗುವುದನ್ನು ಜೋಸೆಫ್ ಬ್ರಿಗ್ಸ್ ಎಂಬ ಅಂಚೆಯ ನೌಕರ ಕಂಡ. ರಣರಂಗದ ಸುದ್ದಿಯನ್ನು ತಾಯಂದಿರು ಬೀದಿಯಲ್ಲಿ ನಿಂತು ಪಡೆಯಬಾರದೆಂದು ಅವನಿಗೆ ತೋರಿತು. 1863ರಲ್ಲಿ ಅಮೆರಿಕದ ನಗರಗಳಲ್ಲಿ ಅಂಚೆಯನ್ನು ಮನೆಬಾಗಿಲಿಗೇ ಮುಟ್ಟಿಸುವ ಪದ್ಧತಿ ಆರಂಭವಾಯಿತು.

ಆ ಯುದ್ಧದ ಕಾಗದಗಳಲ್ಲಿ ಸಲಿವನ್ ಬಲು ಎಂಬ ಅಧಿಕಾರಿ 1861ರ ಜುಲೈ 14ರಂದು ತನ್ನ ಹೆಂಡತಿ ಸಾರಾಳಿಗೆ ಬರೆದ ಕಾಗದ ಬಹಳ ಪ್ರಸಿದ್ಧವಾದುದು. ಅವನಿಗೆ ಆಗ ಮೂವತ್ತೆರಡು ವರ್ಷ. ಒಂದು ವಾರದ ತರುವಾಯ ನಡೆದ ಬುಲ್ ರನ್ ಕದನದಲ್ಲಿ ಗಾಯಗೊಂಡು ಅವನು ತೀರಿಕೊಂಡ. ಕಾಗದ ಅಂಚೆಗೆ ಬಿದ್ದಿರಲೇ ಇಲ್ಲ. ಸತ್ತವನ ಸಾಮಾನುಗಳೊಡನೆ ಅದು ಹೆಂಡತಿಯನ್ನು ಸೇರಿತು. ಅಮೆರಿಕದಲ್ಲಿ ಸಾಮಾನ್ಯ ಸೈನಿಕರಲ್ಲಿಯೂ ಹೆಚ್ಚಿನವರಿಗೆ ಅಕ್ಷರ ಬರುತ್ತಿತ್ತು. ಆದ್ದರಿಂದ ಅವರ ದುಃಖ ಅವರದೇ ಕೈಬರಹದಲ್ಲಿ ಉಳಿದಿದೆ. ಕಾಗಿಣಾ ತೀರದವರ ದುಃಖ ಮಾಸ್ತರನ ಕೈಬರಹದಲ್ಲಿ, ಮಾಸ್ತರನ ಕಟ್ಟಳೆಯ ಮಾತುಗಳಲ್ಲಿ ಸಾಗಿಹೋಯಿತು.

1948ರ ಬೇಸಗೆಯಲ್ಲಿ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ಘೋರವಾದ ಹತ್ಯೆ ನಡೆಯಿತು. ಅದೇ ತಿಂಗಳು 22ರಂದು ಮದರಾಸು–ಮುಂಬಯಿ ಮೇಲ್ ಗಾಡಿಯ ಮೇಲೆ ಗಾಣಗಾಪುರ ರೈಲು ನಿಲ್ದಾಣದಲ್ಲಿ ದಾಳಿಯಾಯಿತು. ವಾಡಿಯನ್ನೂ ಶಹಾಬಾದನ್ನೂ ದಾಟಿ ಕಲಬುರಗಿಯ ಮೇಲೆ ಸಾಗಿದ್ದ ಗಾಡಿ ಅದು. ಪ್ರಯಾಣಿಕರು ಸತ್ತರು, ಗಾಯಗೊಂಡರು, ಕೆಲವರು ಕಾಣೆಯಾದರು. ದೇಶವೆಲ್ಲ ಆ ಸುದ್ದಿಯಿಂದ ಕಳವಳಗೊಂಡಿತು. ಮೇಲ್ ಗಾಡಿ ಎಂದರೆ ಟಪಾಲಿನ ಗಾಡಿ ಎಂಬುದನ್ನು ಇಲ್ಲಿ ನೆನೆಯಬೇಕು. ಭಾರತ ಸರಕಾರ ಸಂಸ್ಥಾನಕ್ಕೆ ಹೋಗುವ ಸಾಮಗ್ರಿಗಳನ್ನು ತಡೆಯಿತು. ಉಪ್ಪು, ಸೀಮೆಎಣ್ಣೆ, ಔಷಧಿಗಳಿಗೆ ಕೊರತೆಯಾಯಿತು. ಕಾಗದ ಬಾರದ ಮನೆಗಳಲ್ಲಿ ಗಾಳಿಸುದ್ದಿಯೇ ಕಾಗದವಾಯಿತು. ಕೆಟ್ಟ ಕಾಗದ ಬಂದುದಕ್ಕಿಂತ ಯಾವ ಕಾಗದವೂ ಬಾರದಿರುವುದೇ ಹೆಚ್ಚು ಕಷ್ಟವೆಂಬುದು ಯುದ್ಧಕಾಲದ ಮನೆಗಳೆಲ್ಲಕ್ಕೂ ತಿಳಿದ ಮಾತು. ಕೆಟ್ಟ ಸುದ್ದಿ ಬಂದರೆ ಅತ್ತು ಮುಗಿಸಬಹುದು. ಸುದ್ದಿಯೇ ಇಲ್ಲದವರು ಅಳುವಂತೆಯೂ ಇಲ್ಲ. ಮುತ್ತೈದೆಯೋ ಅಲ್ಲವೋ ತಿಳಿಯದೆ ಕುಂಕುಮವಿಡುವ ಕೈ ನಡುಗುತ್ತಿರುತ್ತದೆ.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಮುಖ್ಯ ಪಡೆ ಸೊಲ್ಲಾಪುರದ ಕಡೆಯಿಂದ ನಳದುರ್ಗದ ಮೇಲೆ ಬಂದು ಹುಮನಾಬಾದಿನ ದಾರಿ ಹಿಡಿಯಿತು. ಐದನೆಯ ದಿನ, 17ರಂದು, ನಿಜಾಮರು ಕದನವಿರಾಮವನ್ನು ಘೋಷಿಸಿದರು. ಮರುದಿನ ಅವರ ಸೇನಾಪತಿ ಎಲ್ ಎದ್ರೂಸ್ ಶರಣಾಗತನಾದ. ರಮಾನಂದ ತೀರ್ಥರು ಬಿಡುಗಡೆಯಾದರು. ಅದು ಭಾದ್ರಪದ ಮಾಸ. ಗಣಪತಿಯ ಹಬ್ಬ ಹಿಂದಿನ ವಾರವಷ್ಟೇ ಕಳೆದಿತ್ತು. ಊರಿಂದೂರಿಗೆ ತ್ರಿವರ್ಣ ಧ್ವಜ ಏರಿತು. ಗಡಿಯ ತರುಣರು ಮನೆಗೆ ಹೊರಟರು. ಆ ಸಂತೋಷವನ್ನು ಕಂಡವರು ಕೊನೆಯವರೆಗೂ ಅದನ್ನು ಮರೆತಿಲ್ಲ, ಮರೆಯಬೇಕಾದುದೂ ಅಲ್ಲ.

ಸಂತೋಷದ ಹಿಂದೆಯೇ ಬಂದ ಇನ್ನೊಂದನ್ನು ಬಹುಕಾಲ ಯಾರೂ ಗಟ್ಟಿಯಾಗಿ ಆಡಲಿಲ್ಲ. ರಜಾಕಾರರು ಮಾಡಿದ ಪಾಪಕ್ಕೆ, ಯಾವ ಪಾಪವನ್ನೂ ಅರಿಯದ ಮುಸಲ್ಮಾನರ ಮನೆಗಳು ದಂಡ ತೆತ್ತವು. ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ, ಕಾಜಿ ಅಬ್ದುಲ್ ಗಫಾರ್ ಮೊದಲಾದವರನ್ನು ವಿಚಾರಿಸಿ ಬರಲು ಕಳುಹಿಸಿದರು. 1948ರ ಕೊನೆಯಲ್ಲಿ ಅವರು ಜಿಲ್ಲೆಗಳನ್ನು ಸುತ್ತಿದರು. ಸತ್ತವರು 27,000ದಿಂದ 40,000ದವರೆಗೆ ಇರಬಹುದೆಂದು ಅವರ ಅಂದಾಜು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅವರು ಹೆಸರಿಸಿದುದರಲ್ಲಿ ಕಲಬುರಗಿ ಒಂದು, ಬೀದರ ಇನ್ನೊಂದು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ನಿಜಾಮರ ಸೈನ್ಯವನ್ನು ವಿಸರ್ಜಿಸಲಾಯಿತು. ಸಂಬಳ ನಿಂತ ಸಿಪಾಯಿಗಳು ಚದರಿಹೋದರು. ಕೆಲವರು ಹೈದರಾಬಾದಿನ ಓಣಿಗಳನ್ನು ಸೇರಿದರು, ಕೆಲವರು ಸಮುದ್ರ ದಾಟಿ ಕರಾಚಿಗೆ ಹೋದರು.

ಮೇಲೆ ಕಲ್ಪಿಸಿದ ಹಳ್ಳಿಗೂ ಆ ಭಾದ್ರಪದ ಬಂದ ಹೊತ್ತು. ಶಿಬಿರದ ಮಗ ಗಡ್ಡ ಬೆಳೆಸಿಕೊಂಡು ಮನೆಗೆ ಬಂದಿದ್ದಾನೆ. ಅವನು ಬಂದ ಹತ್ತು ದಿನಕ್ಕೆ, ಅವನೇ ಹಿಂದೆ ಬರೆದ ಕಾಗದವೊಂದು ಎಲ್ಲೆಲ್ಲಿಯೋ ನಿಂತು ಬಂದು ಅವನ ಕೈಗೇ ಸಿಗುತ್ತದೆ. ತಾಯಿ ನಗುತ್ತ ಅದನ್ನು ಓದಿಸುತ್ತಾಳೆ. ಈ ಸಲ ಸಾಲುಗಳನ್ನು ಬಿಡುವಂತಿಲ್ಲ. ಅದೇ ಚೀಲದಲ್ಲಿ ಪಕ್ಕದ ಮನೆಗೂ ಒಂದು ಕಾಗದವಿದೆ. ಆ ಮನೆಗೆ ಬೀಗವಿಲ್ಲ, ಬೀಗ ಹಾಕುವಷ್ಟು ಬಾಗಿಲೂ ಉಳಿದಿಲ್ಲ. ಅವರು ಎತ್ತ ಹೋದರೆಂಬುದನ್ನು ಹೇಳಬಲ್ಲವರು ಊರಿನಲ್ಲಿ ಕೆಲವರು ಇದ್ದಾರೆ, ಹೇಳುವವರು ಇಲ್ಲ. ಅಂಚೆಯವನು ಮಾಸ್ತರನ ಬಳಿಗೆ ಹೋಗುತ್ತಾನೆ. ಮಾಸ್ತರ ಲಕೋಟೆಯನ್ನು ತಿರುಗಿಸಿ ನೋಡುತ್ತಾನೆ. ಇಷ್ಟು ದಿನ ಅದನ್ನು ಒಡೆದು ಓದುವ ಅಧಿಕಾರ ಅವನದೇ ಆಗಿತ್ತು. ಕೇಳುವವರಿಲ್ಲದೆ ಓದುವ ಅಧಿಕಾರ ಅವನಿಗಿಲ್ಲ. ಅವನು ಅದರ ಮೇಲೆ, ಮನೆಯವರು ಊರಿನಲ್ಲಿಲ್ಲ ಎಂದು ಉರ್ದುವಿನಲ್ಲಿ ಒಂದು ಸಾಲು ಬರೆದು ಮರಳಿ ಕೊಡುತ್ತಾನೆ. ಕಳುಹಿದ ಸಿಪಾಯಿಯ ದಂಡೂ ಈಗ ಇಲ್ಲವಾದುದರಿಂದ ಆ ಕಾಗದಕ್ಕೆ ಎರಡು ತುದಿಯಲ್ಲಿಯೂ ವಿಳಾಸವಿಲ್ಲ.

1950ರ ಏಪ್ರಿಲ್ 1ರಂದು ನಿಜಾಮರ ಅಂಚೆ ಭಾರತದ ಅಂಚೆಯಲ್ಲಿ ಸೇರಿಹೋಯಿತು. ಚಿಂಚೋಳಿಯಿಂದ ಸೊಲ್ಲಾಪುರಕ್ಕೂ ಚಿತ್ತಾಪುರಕ್ಕೂ ಒಂದೇ ಚೀಟಿ ಸಾಕಾಯಿತು. 1956ರ ನವೆಂಬರ್ 1ರಂದು ಈ ಸೀಮೆ ಕನ್ನಡ ರಾಜ್ಯವನ್ನು ಕೂಡಿತು. ಶಾಲೆಗಳಲ್ಲಿ ಕನ್ನಡ ತನ್ನ ಸ್ಥಾನಕ್ಕೆ ಬಂತು. ಕರಾಚಿಗೆ ಹೋದವರ ಕಾಗದಗಳು ಮಾತ್ರ ಹಳೆಯ ಪಾಡನ್ನೇ ಅನುಭವಿಸಿದವು. 1971ರ ಯುದ್ಧದಲ್ಲಿ ಭಾರತ ಪಾಕಿಸ್ತಾನಗಳ ನಡುವೆ ನಿಂತ ಅಂಚೆ, 1974ರ ಒಪ್ಪಂದದ ಅನಂತರವೇ ಮತ್ತೆ ನಡೆಯಿತು. ಆ ನಡುವೆ ತೀರಿಕೊಂಡ ಅಕ್ಕತಂಗಿಯರ ಸುದ್ದಿ ತಿಥಿ ಕಳೆದ ಮೇಲೆ ಮುಟ್ಟಿತು.

ಸೇಡಂ, ಚಿತ್ತಾಪುರಗಳ ಹಳೆಯ ಮನೆಗಳಲ್ಲಿ ಹೊಲದ ಪಹಣಿ, ಕಂದಾಯದ ರಸೀದಿಗಳ ನಡುವೆ ಅಂದಿನ ಕಾಗದವೊಂದು ಸಿಕ್ಕಿದರೆ, ಅದು ಉರ್ದುವಿನಲ್ಲಿಯೇ ಇರುವುದು ಸಂಭವ. ಕನ್ನಡ ಕಲಿತ ಮೊಮ್ಮಗನಿಗೆ ಅಜ್ಜನ ಕೈಬರಹ ಬರಿಯ ಗೆರೆಗಳಾಗಿ ಕಾಣುತ್ತದೆ. ಅವನು ಅದನ್ನು ಹಿಡಿದುಕೊಂಡು ಉರ್ದು ಬಲ್ಲ ಹಿರಿಯರು ಯಾರೆಂದು ವಿಚಾರಿಸುತ್ತ ಮಸೀದಿಯ ಓಣಿಗೆ ಹೋಗಬೇಕು. ಆ ಹಿರಿಯರು ಕನ್ನಡಕವನ್ನು ಹುಡುಕಿ ಹಾಕಿಕೊಂಡು, ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು, ಬಲಗಡೆಯಿಂದ ಓದತೊಡಗುತ್ತಾರೆ: ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮವನ್ನು ಬಯಸುತ್ತೇವೆ.